ಕಾರ್ಲೋಸ್ ಡೆಲ್ಗಾಡೊ: ಒಬ್ಬ ಅಭಿಮಾನಿಗೆ ಪದೇ ಪದೇ ಎದುರಾಗುವ ಪ್ರಶ್ನೆಗಳು

ಕಾರ್ಲೋಸ್ ಡೆಲ್ಗಾಡೊ ಯಾರು?

ಪೋರ್ಟೊ ರಿಕೊ ದ್ವೀಪದ ಅಗ್ವಾಡಿಯಾ ಪಟ್ಟಣದಲ್ಲಿ 1972ರ ಜೂನ್ 25ರಂದು ಹುಟ್ಟಿದ ಡೆಲ್ಗಾಡೊ, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 1993ರಿಂದ 2009ರವರೆಗೆ ಆಡಿದ ಎಡಗೈ ಬ್ಯಾಟರ್. ಮೊದಲ 12 ಋತುಗಳನ್ನು ಟೊರೊಂಟೊ ಬ್ಲೂ ಜೇಸ್ ತಂಡದಲ್ಲಿ ಕಳೆದು, 2005ರಲ್ಲಿ ಫ್ಲೋರಿಡಾ ಮಾರ್ಲಿನ್ಸ್‌ಗೆ ಹೋಗಿ, ಅಲ್ಲಿಂದ ನ್ಯೂಯಾರ್ಕ್ ಮೆಟ್ಸ್ ತಂಡ ಸೇರಿ ಅಲ್ಲಿಯೇ ಕೊನೆಯ ಪಂದ್ಯವನ್ನು ಆಡಿದರು. ಅವರ ಒಟ್ಟು ಹೋಮ್‌ರನ್‌ಗಳು (ಸಾಮಾನ್ಯವಾಗಿ ಚೆಂಡನ್ನು ಮೈದಾನದ ಬೇಲಿಯಾಚೆ ಅಟ್ಟುವ ಹೊಡೆತಗಳು) 473. ಪೋರ್ಟೊ ರಿಕೊದಲ್ಲಿ ಹುಟ್ಟಿದ ಬೇರೆ ಯಾವ ಆಟಗಾರನೂ ಇಷ್ಟು ಹೋಮ್‌ರನ್ ಹೊಡೆದಿಲ್ಲ. ರಾಬರ್ಟೊ ಕ್ಲೆಮೆಂಟೆ, ಒರ್ಲಾಂಡೊ ಸೆಪೆಡಾ ಅವರಂಥವರು ಹುಟ್ಟಿದ ನಾಡು ಅದು ಎಂಬುದನ್ನು ನೆನಪಿಟ್ಟುಕೊಂಡರೆ ಈ ಮಾತಿನ ತೂಕ ತಿಳಿಯುತ್ತದೆ.

ಹೀಗಿದ್ದೂ ಬೇಸ್‌ಬಾಲ್ ಬಲ್ಲವರ ನಡುವೆಯೂ ಅವರ ಹೆಸರು ತಾನಾಗಿ ಬಾಯಿಗೆ ಬರುವುದಿಲ್ಲ. ಯಾರಾದರೂ ನೆನಪಿಸಿದಾಗ ಮಾತ್ರ ‘ಹೌದಲ್ಲ, ಆತನೂ ಇದ್ದ’ ಎನ್ನುತ್ತಾರೆ.

ಬೇಸ್‌ಬಾಲ್ ಅಂಕಿಅಂಶಗಳ ಪರಿಚಯ ಇಲ್ಲದವರು ಅವರ ದಾಖಲೆಯನ್ನು ಹೇಗೆ ಓದಬೇಕು?

ಕ್ರಿಕೆಟ್ ನೋಡಿ ಬೆಳೆದವರಿಗೆ ಸರಾಸರಿ ಎಂಬ ಮಾತು ಇಲ್ಲಿ ಗೊಂದಲ ಉಂಟುಮಾಡುತ್ತದೆ. ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿ ರನ್‌ಗಳ ಲೆಕ್ಕವಲ್ಲ. ಬ್ಯಾಟಿಂಗ್‌ಗೆ ನಿಂತ ಸರದಿಗಳಲ್ಲಿ (ಮುಂದೆ ಹೇಳುವ ವಾಕ್‌ನಂಥವನ್ನು ಬಿಟ್ಟು) ಎಷ್ಟು ಪಾಲು ಸರದಿಗಳಲ್ಲಿ ಹಿಟ್ ಬಂತು, ಅಂದರೆ ಚೆಂಡನ್ನು ಹೊಡೆದು ಓಡಿ ಬೇಸ್ ಎಂಬ ಠಾಣೆಯನ್ನು ಔಟಾಗದೆ ತಲುಪಿದರು, ಎಂಬುದರ ಲೆಕ್ಕ. ಹತ್ತರಲ್ಲಿ ಮೂರು ಸಲ ಗೆದ್ದರೆ, ಅಂದರೆ .300 ಇದ್ದರೆ, ಆತ ಒಳ್ಳೆಯ ಬ್ಯಾಟರ್. ಡೆಲ್ಗಾಡೊ ಅವರ ಜೀವಮಾನದ ಸರಾಸರಿ .280. ಇದೊಂದನ್ನೇ ನೋಡಿದವರು ಇವರನ್ನು ಸಾಧಾರಣ ಆಟಗಾರರ ಸಾಲಿಗೆ ಸೇರಿಸಿಬಿಡುತ್ತಾರೆ.

ನೋಡಬೇಕಾದದ್ದು ಇನ್ನೆರಡು ಅಂಕಿಗಳನ್ನು. ಹಿಟ್‌ನಿಂದಾಗಲಿ, ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದಾಗ ಸಿಗುವ ವಾಕ್‌ನಿಂದಾಗಲಿ, ಮೈಗೆ ಚೆಂಡು ತಗುಲಿದ್ದರಿಂದಾಗಲಿ, ಔಟಾಗದೆ ಬೇಸ್ ತಲುಪಿದ ಪ್ರಮಾಣ ಒಂದು, ಡೆಲ್ಗಾಡೊ ಅವರದು .383. ಹೊಡೆತಗಳ ಬಲವನ್ನು ಅಳೆಯುವ ಸ್ಲಗ್ಗಿಂಗ್ ಪ್ರಮಾಣ ಮತ್ತೊಂದು, ಅವರದು .546. ಈ ಎರಡನ್ನೂ ಕೂಡಿಸಿ, ಆಯಾ ಕಾಲ ಮತ್ತು ಮೈದಾನಗಳಿಗೆ ತಕ್ಕಂತೆ ಹೊಂದಿಸಿ, ಸಾಧಾರಣ ಬ್ಯಾಟರ್‌ಗೆ 100 ಎಂದಿಟ್ಟುಕೊಂಡು ಹೋಲಿಸುವ ಅಳತೆಯಲ್ಲಿ ಅವರಿಗೆ 138 ಬರುತ್ತದೆ. ಎಲ್ಲರೂ ಹೋಮ್‌ರನ್ ಹೊಡೆಯುತ್ತಿದ್ದ ಕಾಲದ ಆಟಗಾರ ಎಂಬ ಟೀಕೆಗೆ ಇಲ್ಲಿಯೇ ಅರ್ಧ ಉತ್ತರ ಸಿಗುತ್ತದೆ, ಏಕೆಂದರೆ ಆ ಕಾಲದ ಉಬ್ಬರವನ್ನು ಕಳೆದ ಮೇಲೆ ಉಳಿಯುವ ಅಂಕಿ ಇದು.

ಕ್ಯಾಚರ್ ಆಗಿದ್ದವರು ಫಸ್ಟ್ ಬೇಸ್‌ಗೆ ಬಂದದ್ದು ಹೇಗೆ?

1988ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಬ್ಲೂ ಜೇಸ್ ಅವರನ್ನು ಕ್ಯಾಚರ್ ಎಂದೇ, ಅಂದರೆ ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವವರೆಂದೇ, ಒಪ್ಪಂದ ಮಾಡಿಕೊಂಡಿತ್ತು. ಮೇಜರ್ ಲೀಗ್‌ಗೆ ಅವರು ಬಂದದ್ದು 1993ರ ಅಕ್ಟೋಬರ್ ಮೊದಲ ದಿನ, ತಂಡ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಸತತ ಎರಡನೆಯ ಗೆಲುವಿನತ್ತ ಹೆಜ್ಜೆ ಹಾಕುತ್ತಿದ್ದಾಗ. ಮರುವರ್ಷ ಅವರ ಬ್ಯಾಟು ಬೇಕು, ಆದರೆ ಕ್ಯಾಚರ್ ಸ್ಥಾನಕ್ಕೆ ಬೇರೆಯವರಿದ್ದಾರೆ ಎಂಬ ಕಾರಣಕ್ಕೆ ಲೆಫ್ಟ್ ಫೀಲ್ಡ್‌ನಲ್ಲಿ ನಿಲ್ಲಿಸಿದರು. 1994ರ ಏಪ್ರಿಲ್‌ನಲ್ಲಿ ಹೋಮ್‌ರನ್‌ಗಳ ಸುರಿಮಳೆಯೇ ಆಯಿತು; ಪಿಚರ್‌ಗಳು ಅವರ ದೌರ್ಬಲ್ಯವನ್ನು ಕಂಡುಕೊಂಡ ಮೇಲೆ ಅದು ನಿಂತಿತು. ಆ ವರ್ಷ 43 ಪಂದ್ಯಗಳಲ್ಲಿ 9 ಹೋಮ್‌ರನ್, ಸರಾಸರಿ .215; ಮತ್ತೆ ಕೆಳಗಿನ ದರ್ಜೆಯ ಲೀಗ್‌ಗೆ ರವಾನೆ. 1996ರಲ್ಲಿ 25 ಹೋಮ್‌ರನ್ ಹೊಡೆದ ಮೇಲೆಯೇ ಅವರ ಸ್ಥಾನ ಭದ್ರವಾದದ್ದು. ಮೊದಲ ಬೇಸನ್ನು ಕಾಯುವ ಫಸ್ಟ್ ಬೇಸ್ ಸ್ಥಾನ ಅವರ ಕಾಯಂ ಜಾಗವಾದದ್ದು ಮರುವರ್ಷ.

ಅವರ ಅತ್ಯುತ್ತಮ ಋತು ಯಾವುದು?

ಅಂಕಿಗಳ ಪ್ರಕಾರ 2000. ಅದರ ಬಗ್ಗೆ ವಾದವೇ ಇಲ್ಲ. ತಂಡದ 162 ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಆಡಿ .344 ಸರಾಸರಿ, 41 ಹೋಮ್‌ರನ್, 57 ಡಬಲ್ (ಎರಡನೆಯ ಬೇಸ್‌ವರೆಗೆ ತಲುಪಿಸುವ ಹಿಟ್), 123 ವಾಕ್ ಗಳಿಸಿದರು. ತಮ್ಮ ಹೊಡೆತಗಳಿಂದ 137 ರನ್‌ಗಳನ್ನು ಮನೆಗೆ ತಂದರು. ಡಬಲ್‌ಗಳಲ್ಲೂ ಒಟ್ಟು ಬೇಸ್‌ಗಳಲ್ಲೂ, ಮೇಜರ್ ಲೀಗ್‌ನ ಎರಡು ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ಗೇ ಮೊದಲಿಗರು. ಲೀಗ್‌ನ ಅತ್ಯುತ್ತಮ ಬ್ಯಾಟರ್‌ಗೆ ಕೊಡುವ ಹ್ಯಾಂಕ್ ಆರನ್ ಪ್ರಶಸ್ತಿ ಅವರಿಗೇ ಬಂತು. ಆದರೆ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ನಾಲ್ಕನೆಯ ಸ್ಥಾನ ಸಿಕ್ಕಿತು. ಅದೇ ಅಕ್ಟೋಬರ್‌ನಲ್ಲಿ ನಾಲ್ಕು ವರ್ಷಗಳಿಗೆ 6.8 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದಾಗ ವಾರ್ಷಿಕ ಸರಾಸರಿಯಲ್ಲಿ ಅದೇ ಬೇಸ್‌ಬಾಲ್‌ನ ಅತಿ ದೊಡ್ಡ ಸಂಬಳವಾಗಿತ್ತು. ಆ ಪಟ್ಟವೂ ಬಹಳ ದಿನ ಉಳಿಯಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಅಲೆಕ್ಸ್ ರಾಡ್ರಿಗಸ್ ಅವರ 25.2 ಕೋಟಿ ಡಾಲರ್‌ಗಳ ಒಪ್ಪಂದ ಬಂದು ಎಲ್ಲರ ಗಮನವನ್ನೂ ಕಿತ್ತುಕೊಂಡಿತು.

ನನ್ನ ಮೆಚ್ಚಿನದು ಮಾತ್ರ 2003. ಆ ವರ್ಷ .302 ಸರಾಸರಿ, 42 ಹೋಮ್‌ರನ್, 145 ಆರ್‌ಬಿಐ (ತಮ್ಮ ಹೊಡೆತಗಳಿಂದ ತಂಡಕ್ಕೆ ತಂದ ರನ್‌ಗಳು). ಎರಡೂ ಲೀಗ್‌ಗಳನ್ನು ಸೇರಿಸಿ ನೋಡಿದರೂ ಅಷ್ಟು ಆರ್‌ಬಿಐ ಯಾರಿಗೂ ಇರಲಿಲ್ಲ. ಅತ್ಯಮೂಲ್ಯ ಆಟಗಾರ ಪ್ರಶಸ್ತಿಯ ಮತ ಎಣಿಕೆಯಲ್ಲಿ ರಾಡ್ರಿಗಸ್‌ಗೆ 242 ಅಂಕ, ಡೆಲ್ಗಾಡೊಗೆ 213. ರಾಡ್ರಿಗಸ್ ಆಡುತ್ತಿದ್ದ ಟೆಕ್ಸಾಸ್ ತಂಡ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನದಲ್ಲಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಗೆಲ್ಲುವ ತಂಡದಲ್ಲಿ ಇರಲಿಲ್ಲ ಎಂಬ ಕಾರಣವನ್ನೇ ಡೆಲ್ಗಾಡೊ ವಿರುದ್ಧ ಎಷ್ಟೋ ಸಲ ಬಳಸಲಾಗಿದೆ. ಹಾಗೆಂದು ರಾಡ್ರಿಗಸ್ ಅನರ್ಹರೆಂದಲ್ಲ. ಫೀಲ್ಡಿಂಗ್‌ನಲ್ಲಿ ಬಹಳ ಕಷ್ಟದ ಜಾಗವಾದ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ನಿಂತು 47 ಹೋಮ್‌ರನ್ ಹೊಡೆಯುವುದು ಸಣ್ಣ ಮಾತಲ್ಲ.

ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್‌ರನ್ ಹೊಡೆದದ್ದು ನಿಜವೇ?

ನಿಜ. 2003ರ ಸೆಪ್ಟೆಂಬರ್ 25, ಟೊರೊಂಟೊದ ಸ್ಕೈಡೋಮ್, ಎದುರಾಳಿ ಟ್ಯಾಂಪಾ ಬೇ. ಋತು ಮುಗಿಯಲು ಕೆಲವೇ ದಿನ ಉಳಿದಿದ್ದವು, ಬ್ಲೂ ಜೇಸ್‌ಗೆ ಮುಂದಿನ ಹಂತದ ಆಸೆ ಉಳಿದಿರಲಿಲ್ಲ, ಅಷ್ಟು ದೊಡ್ಡ ಮೈದಾನದ ಬಹುಪಾಲು ಆಸನಗಳು ಖಾಲಿ ಇದ್ದವು. ಡೆಲ್ಗಾಡೊ ಅವರಿಗೆ ಅಂದು ಮೈಯಲ್ಲಿ ಹುಷಾರಿರಲಿಲ್ಲ.

ಮೊದಲ ಇನಿಂಗ್ಸ್‌ನಲ್ಲಿ ಹೋರ್ಹೆ ಸೋಸಾ ಎಸೆತಕ್ಕೆ ಮೂರು ರನ್‌ಗಳ ಹೋಮ್‌ರನ್. ಅದು ಅವರ ವೃತ್ತಿಜೀವನದ 300ನೆಯದು. ಬೇರೆ ದಿನವಾಗಿದ್ದರೆ ಅದೊಂದೇ ಸುದ್ದಿಯಾಗುತ್ತಿತ್ತು. ನಾಲ್ಕನೆಯ ಇನಿಂಗ್ಸ್‌ನಲ್ಲಿ ಮತ್ತೆ ಸೋಸಾ, ಮತ್ತೆ ಹೋಮ್‌ರನ್. ಆರನೆಯದರಲ್ಲಿ ಎಡಗೈ ಪಿಚರ್ ಜೋ ಕೆನೆಡಿ ಬಂದಿದ್ದರು. ಎಡಗೈ ಬ್ಯಾಟರ್‌ಗಳಿಗೆ ಎಡಗೈ ಪಿಚರ್ ಕಷ್ಟ ಎಂಬ ಲೆಕ್ಕಾಚಾರ ಅಂದು ನಡೆಯಲಿಲ್ಲ. ಎಂಟನೆಯ ಇನಿಂಗ್ಸ್‌ನಲ್ಲಿ ತಂಡ ಒಂದು ರನ್ ಹಿಂದಿದ್ದಾಗ ಲಾನ್ಸ್ ಕಾರ್ಟರ್ ಎಸೆತವನ್ನು ನಡುಮೈದಾನದ ಬೇಲಿಯಾಚೆ ಅಟ್ಟಿ ಪಂದ್ಯವನ್ನು ಸಮಗೊಳಿಸಿದರು. ಟೊರೊಂಟೊ 10-8ರಿಂದ ಗೆದ್ದಿತು.

ಮೇಜರ್ ಲೀಗ್ ಇತಿಹಾಸದಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್‌ರನ್ ಹೊಡೆದವರಲ್ಲಿ ಅವರು ಹದಿನೈದನೆಯವರು. ಅವರ ಹಿಂದಿನವರೆಲ್ಲರಿಗೂ ಐದನೆಯದೋ ಆರನೆಯದೋ ಸರದಿ ಸಿಕ್ಕಿತ್ತು. ಕೇವಲ ನಾಲ್ಕು ಸಲ ಬ್ಯಾಟಿಂಗ್‌ಗೆ ಬಂದು ನಾಲ್ಕೂ ಸಲ ಹೋಮ್‌ರನ್ ಹೊಡೆದವರು ಅದುವರೆಗೆ ಒಬ್ಬರೂ ಇರಲಿಲ್ಲ. ನಾಲ್ಕನೆಯದರ ದೃಶ್ಯವನ್ನು ನೋಡಿದವರು ಗಮನಿಸಬೇಕಾದದ್ದು ಚೆಂಡನ್ನಲ್ಲ, ಅದಕ್ಕೆ ಮುಂಚಿನ ಕ್ಷಣವನ್ನು: ಬಲಗಾಲನ್ನು ಸ್ವಲ್ಪ ಹೊರಗೆ ತೆರೆದಿಟ್ಟು ನಿಂತ ಭಂಗಿ, ಎತ್ತಿ ಹಿಡಿದ ಮೊಣಕೈಗಳು, ಎಸೆತ ಹೊರಡುತ್ತಿದ್ದಂತೆ ಕಾಲು ಒಳಗೆ ಬಂದು ಊರುವ ರೀತಿ. ಆ ಚಲನೆ ಎಂದಿಗಿಂತ ಒಂದಿಷ್ಟೂ ಬೇರೆಯಾಗಿರಲಿಲ್ಲ.

ಪ್ರತಿ ಸರದಿಯನ್ನೂ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು ಎನ್ನುತ್ತಾರೆ. ಅದು ಕಟ್ಟುಕಥೆಯೇ?

ಕಟ್ಟುಕಥೆಯಲ್ಲ, ಅವರ ಪಂದ್ಯಗಳ ನೇರ ಪ್ರಸಾರ ನೋಡಿದವರೆಲ್ಲ ಕಂಡ ಸಂಗತಿ. ಔಟಾಗಿ ಬಂದರೂ, ಬೇಸ್‌ಗಳನ್ನು ಸುತ್ತಿ ಬಂದರೂ, ಹೆಲ್ಮೆಟ್ ಕಳಚಿ ಡಗ್‌ಔಟ್‌ನ ಬೆಂಚಿನ ಮೇಲೆ ಕುಳಿತು ಅವರು ನೋಟ್‌ಬುಕ್ ತೆರೆಯುತ್ತಿದ್ದರು. ಪಿಚರ್ ಯಾರು, ಯಾವ ಬಗೆಯ ಎಸೆತ ಎಲ್ಲಿ ಬಂತು, ಕೊನೆಗೆ ಏನಾಯಿತು ಎಂಬುದನ್ನು ಬರೆದುಕೊಳ್ಳುತ್ತಿದ್ದರು. ಅದೇ ಪಿಚರ್ ಮತ್ತೆ ಎದುರಾಗುವ ಮುನ್ನ ಹಳೆಯ ಪುಟಗಳನ್ನು ತಿರುವಿ ನೋಡುತ್ತಿದ್ದರು. ಪ್ರತಿ ಎಸೆತದ ದೃಶ್ಯವೂ ಬೆರಳ ತುದಿಯಲ್ಲಿ ಸಿಗುವ ಈ ಕಾಲದಲ್ಲಿ ಅದು ಹಳೆಯ ಪದ್ಧತಿಯೆನ್ನಿಸಬಹುದು. ಆದರೆ 1994ರ ವಸಂತದಲ್ಲಿ ತನ್ನನ್ನು ಪಿಚರ್‌ಗಳು ಹೇಗೆ ಓದಿದರು ಎಂಬುದನ್ನು ಅನುಭವಿಸಿದ ಮನುಷ್ಯ, ಮುಂದೆ ಪಿಚರ್‌ಗಳನ್ನು ತಾನು ಓದಲು ಹೊರಟದ್ದು ಹೀಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಫಲ ಏನೆಂದರೆ, 1997ರಿಂದ 2006ರವರೆಗೆ ಸತತ ಹತ್ತು ಋತುಗಳಲ್ಲಿ ಅವರ ಹೋಮ್‌ರನ್‌ಗಳು 30ಕ್ಕಿಂತ ಕೆಳಗಿಳಿಯಲಿಲ್ಲ: 30, 38, 44, 41, 39, 33, 42, 32, 33, 38. ಈ ಸಾಲನ್ನು ನಿಧಾನವಾಗಿ ಓದಬೇಕು. ಇದರಲ್ಲಿ 60ರ, 70ರ ಸಿಡಿಲಿಲ್ಲ. ಕೈಕೊಟ್ಟ ವರ್ಷವೂ ಇಲ್ಲ. ಕೊನೆಯ ಮೂರು ಋತುಗಳಲ್ಲಿ ಮೂರು ಬೇರೆ ತಂಡಗಳ ಅಂಗಿ, ಎರಡು ಬೇರೆ ಲೀಗ್‌ಗಳ ಪಿಚರ್‌ಗಳು, ಮೂರು ಬೇರೆ ಮೈದಾನಗಳು. ಆದರೂ ಸಾಲು ಮುರಿಯಲಿಲ್ಲ. ಹತ್ತು ವರ್ಷ ಬಿಡದೆ ಇದನ್ನು ಮಾಡಿದವರು ಬೇಸ್‌ಬಾಲ್‌ನ ಇಡೀ ಚರಿತ್ರೆಯಲ್ಲಿ ಬೆರಳೆಣಿಕೆಯಷ್ಟು.

ಹಾಗಾದರೆ ಅವರು ಏಕೆ ಎಲ್ಲರ ಕಣ್ಣಿಗೆ ಬೀಳಲಿಲ್ಲ?

ಮುಖ್ಯ ಕಾರಣ ಆಡಿದ ಊರು. 1993ರ ಗೆಲುವಿನ ನಂತರ ಟೊರೊಂಟೊ ತಂಡ ಮತ್ತೆ ಅಕ್ಟೋಬರ್‌ನ ನಿರ್ಣಾಯಕ ಹಂತ ತಲುಪಿದ್ದು 2015ರಲ್ಲಿ. ಡೆಲ್ಗಾಡೊ ಅವರ ಒಳ್ಳೆಯ ವರ್ಷಗಳೆಲ್ಲ ಆ ನಡುವಣ ಬರಗಾಲದಲ್ಲಿ ಕಳೆದವು. ಅಮೆರಿಕದ ದೂರದರ್ಶನ ವಾಹಿನಿಗಳಿಗೆ ಕೆನಡಾದ ತಂಡವೊಂದನ್ನು ರಾಷ್ಟ್ರವ್ಯಾಪಿಯಾಗಿ ತೋರಿಸುವುದರಲ್ಲಿ ಲಾಭವಿರಲಿಲ್ಲ. ಅದೇ ವಿಭಾಗದಲ್ಲಿ ಯಾಂಕೀಸ್ ಮತ್ತು ರೆಡ್ ಸಾಕ್ಸ್ ಇದ್ದವು. ಬರಹಗಾರರ ಲೇಖನಿಯೂ ಕ್ಯಾಮೆರಾಗಳೂ ಅತ್ತಲೇ ತಿರುಗಿದ್ದವು.

ಆಡಿದ ಕಾಲ ಮತ್ತು ನಿಂತ ಸ್ಥಾನವೂ ಅವರಿಗೆ ಒದಗಲಿಲ್ಲ. ಮಾರ್ಕ್ ಮ್ಯಾಕ್‌ಗ್ವಾಯರ್ 70, ಬ್ಯಾರಿ ಬಾಂಡ್ಸ್ 73 ಹೊಡೆದ ವರ್ಷಗಳಲ್ಲಿ 38 ಅಥವಾ 39 ಹೊಡೆದವನನ್ನು ಯಾರು ನೋಡುತ್ತಾರೆ? ಫಸ್ಟ್ ಬೇಸ್‌ನಲ್ಲಂತೂ ಆಗ ಭಾರಿ ಹೊಡೆತಗಾರರ ಸಂತೆಯೇ ನೆರೆದಿತ್ತು. ಪ್ರತಿ ಋತುವಿನ ನಡುವೆ ಆಯ್ದ ಆಟಗಾರರಷ್ಟೇ ಆಡುವ ಆಲ್-ಸ್ಟಾರ್ ಪಂದ್ಯಕ್ಕೆ ಅವರು ಆಯ್ಕೆಯಾದದ್ದು ಇಡೀ ಜೀವಮಾನದಲ್ಲಿ ಎರಡೇ ಸಲ, 2000 ಮತ್ತು 2003ರಲ್ಲಿ. 1999ರಲ್ಲಿ 44 ಹೋಮ್‌ರನ್, 134 ಆರ್‌ಬಿಐ ಗಳಿಸಿದ ಋತುವಿನಲ್ಲೂ ಕರೆ ಬರಲಿಲ್ಲ.

ದೊಡ್ಡ ಪಂದ್ಯಗಳಲ್ಲಿ ಅವರು ಹೇಗೆ ಆಡಿದರು?

ದೊಡ್ಡ ಪಂದ್ಯಗಳು ಸಿಕ್ಕಿದ್ದೇ ಒಂದು ವರ್ಷ, 2006ರಲ್ಲಿ, ಮೆಟ್ಸ್ ತಂಡದ ಪರವಾಗಿ. ಮೊದಲ ಪಂದ್ಯದಲ್ಲೇ ಐದು ಸರದಿಗಳಲ್ಲಿ ನಾಲ್ಕು ಹಿಟ್, ಅದರಲ್ಲೊಂದು ಹೋಮ್‌ರನ್. ಒಟ್ಟು ಹತ್ತು ಪಂದ್ಯಗಳಲ್ಲಿ .351 ಸರಾಸರಿ, 4 ಹೋಮ್‌ರನ್, 11 ಆರ್‌ಬಿಐ. ಸೇಂಟ್ ಲೂಯಿ ಕಾರ್ಡಿನಲ್ಸ್ ವಿರುದ್ಧದ ಸರಣಿ ಏಳನೆಯ ಪಂದ್ಯದವರೆಗೂ ಎಳೆದು ಮೆಟ್ಸ್ ಸೋತಿತು. ಅವಕಾಶ ಸಿಗದಿರುವುದನ್ನು ಸಾಮರ್ಥ್ಯದ ಕೊರತೆ ಎಂದು ಬರೆಯುವವರು ಈ ಹತ್ತು ಪಂದ್ಯಗಳನ್ನು ಏಕೆ ಬಿಟ್ಟುಬಿಡುತ್ತಾರೋ ತಿಳಿಯದು.

2008ನ್ನೂ ಇಲ್ಲಿಯೇ ಹೇಳಬೇಕು. ಆ ಋತುವಿನ ಆರಂಭ ಎಷ್ಟು ಕೆಟ್ಟದಾಗಿತ್ತೆಂದರೆ ಸ್ವಂತ ಮೈದಾನದಲ್ಲೇ ಪ್ರೇಕ್ಷಕರು ಕೂಗಿ ಹಂಗಿಸಿದರು. ಆಟ ಮುಗಿಯಿತೆಂದು ಪತ್ರಿಕೆಗಳು ತೀರ್ಪಿತ್ತವು. ಜೂನ್ 27ರಂದು ಯಾಂಕೀ ಕ್ರೀಡಾಂಗಣದಲ್ಲಿ ಒಂದು ಡಬಲ್, ಒಂದು ಗ್ರ್ಯಾಂಡ್ ಸ್ಲ್ಯಾಮ್ (ನಾಲ್ಕು ರನ್‌ಗಳ ಹೋಮ್‌ರನ್), ಒಂದು ಮೂರು ರನ್‌ಗಳ ಹೋಮ್‌ರನ್ ಹೊಡೆದು ಒಂದೇ ಪಂದ್ಯದಲ್ಲಿ 9 ಆರ್‌ಬಿಐ ಗಳಿಸಿ ಮೆಟ್ಸ್ ತಂಡದ ದಾಖಲೆ ಬರೆದರು. ವರ್ಷ ಮುಗಿದಾಗ ಅವರ ಖಾತೆಯಲ್ಲಿ 38 ಹೋಮ್‌ರನ್, 115 ಆರ್‌ಬಿಐ ಇದ್ದವು.

ಹಾಡಿನ ಸಮಯದಲ್ಲಿ ಎದ್ದು ನಿಲ್ಲಲಿಲ್ಲ ಎಂಬ ವಿವಾದ ಏನು?

ಇದನ್ನು ವಿಯೆಕೆಸ್‌ನಿಂದಲೇ ಆರಂಭಿಸಬೇಕು. ಪೋರ್ಟೊ ರಿಕೊದ ಪೂರ್ವಕ್ಕಿರುವ ಈ ಪುಟ್ಟ ದ್ವೀಪದ ಒಂದು ಭಾಗವನ್ನು ಅಮೆರಿಕದ ನೌಕಾಪಡೆ ಆರು ದಶಕಗಳ ಕಾಲ ಬಾಂಬ್ ಅಭ್ಯಾಸಕ್ಕೆ ಬಳಸಿತು. 1999ರಲ್ಲಿ ಗುರಿ ತಪ್ಪಿದ ಬಾಂಬ್‌ಗೆ ಅಲ್ಲಿನ ಕಾವಲುಗಾರನೊಬ್ಬ ಬಲಿಯಾದ ಮೇಲೆ ಪ್ರತಿಭಟನೆ ಹೊತ್ತಿಕೊಂಡಿತು. ಡೆಲ್ಗಾಡೊ ಆ ಹೋರಾಟಕ್ಕೆ ಹಣ ಕೊಟ್ಟರು, ಹೆಸರನ್ನೂ ಕೊಟ್ಟರು. 2001ರಲ್ಲಿ ಗಾಯಕ ರಿಕಿ ಮಾರ್ಟಿನ್, ಮುಷ್ಟಿಯುದ್ಧದ ಫೆಲಿಕ್ಸ್ ಟ್ರಿನಿಡಾಡ್ ಮೊದಲಾದವರ ಜೊತೆ ಅಮೆರಿಕದ ಪತ್ರಿಕೆಗಳಲ್ಲಿ ಪುಟಪೂರ್ತಿ ಜಾಹೀರಾತಿಗೆ ಸಹಿ ಹಾಕಿದರು. 2003ರಲ್ಲಿ ನೌಕಾಪಡೆ ಅಲ್ಲಿಂದ ಹೊರಟಿತು. ನೆಲದಲ್ಲಿ ಉಳಿದ ವಿಷವನ್ನು ಶುಚಿಗೊಳಿಸಬೇಕೆಂಬ ಅವರ ಒತ್ತಾಯ ಆಮೇಲೂ ಮುಂದುವರಿಯಿತು.

ಅಮೆರಿಕದ ಮೈದಾನಗಳಲ್ಲಿ 2001ರ ಸೆಪ್ಟೆಂಬರ್ ದಾಳಿಯ ನಂತರ ಏಳನೆಯ ಇನಿಂಗ್ಸ್‌ನ ನಡುವೆ ದೇಶಭಕ್ತಿಯ ಹಾಡೊಂದನ್ನು ನುಡಿಸುವ ವಾಡಿಕೆ ಬಂದಿತ್ತು. ಇದು ರಾಷ್ಟ್ರಗೀತೆಯಲ್ಲ, ರಾಷ್ಟ್ರಗೀತೆಗೆ ಅವರು ಎಂದಿನಂತೆ ನಿಲ್ಲುತ್ತಿದ್ದರು. ಇರಾಕ್ ಯುದ್ಧವನ್ನು ಒಪ್ಪದ ಅವರು 2004ರ ಋತುವಿನಲ್ಲಿ ಈ ಹಾಡಿಗೆ ಮಾತ್ರ ಸಾಲಿನಲ್ಲಿ ನಿಲ್ಲದೆ ಡಗ್‌ಔಟ್‌ನೊಳಗೆ ಉಳಿಯತೊಡಗಿದರು. ಘೋಷಣೆಯಿಲ್ಲ, ಪತ್ರಿಕಾಗೋಷ್ಠಿಯಿಲ್ಲ, ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಂದಿರಲಿಲ್ಲ. ಜುಲೈನಲ್ಲಿ ಸುದ್ದಿಯಾದ ಮೇಲೆ ನ್ಯೂಯಾರ್ಕ್‌ನ ಪ್ರೇಕ್ಷಕರು ಪ್ರತಿ ಸರದಿಯಲ್ಲೂ ಅವರನ್ನು ಕೂಗಿ ಹಂಗಿಸಿದರು. ಕೇಳಿದವರಿಗೆ ಕಾರಣವನ್ನು ಶಾಂತವಾಗಿ ವಿವರಿಸಿದರೇ ಹೊರತು ನಿಲುವನ್ನು ಬದಲಿಸಲಿಲ್ಲ.

ಮೆಟ್ಸ್ ಸೇರಿದಾಗ ಆ ತಂಡದ ನಿಯಮ ಎಲ್ಲ ಆಟಗಾರರೂ ನಿಲ್ಲಬೇಕೆಂದಿತ್ತು, ಅವರು ಒಪ್ಪಿದರು. ಇದನ್ನು ರಾಜಿ ಎಂದು ಆಡಿಕೊಂಡವರುಂಟು. ಉದ್ಯೋಗ ಕೊಟ್ಟವರ ನಿಯಮಕ್ಕೆ ಒಪ್ಪಿಯೂ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳದೆ ಇರುವುದು ನನ್ನ ಕಣ್ಣಿಗೆ ರಾಜಿಯಾಗಿ ಕಾಣುವುದಿಲ್ಲ. ಅಲ್ಲಿ ಅವರು ಆರಿಸಿಕೊಂಡ ಅಂಗಿಯ ಸಂಖ್ಯೆ 21, ಅಂದರೆ ಕ್ಲೆಮೆಂಟೆ ಅವರ ಸಂಖ್ಯೆ. 2006ರಲ್ಲಿ ಸಮಾಜಸೇವೆಗಾಗಿ ಕೊಡುವ ರಾಬರ್ಟೊ ಕ್ಲೆಮೆಂಟೆ ಪ್ರಶಸ್ತಿಯೂ ಅವರಿಗೆ ಬಂತು.

ಉದ್ದೀಪನ ಮದ್ದಿನ ಕಳಂಕ ಅವರ ಮೇಲಿದೆಯೇ?

ಇಲ್ಲ. ಬೇಸ್‌ಬಾಲ್‌ನಲ್ಲಿ ಮದ್ದಿನ ಬಳಕೆಯ ಬಗ್ಗೆ ತನಿಖೆ ನಡೆಸಿದ 2007ರ ಮಿಚೆಲ್ ವರದಿಯಲ್ಲಿ ಅವರ ಹೆಸರಿಲ್ಲ. ಆ ಕಾಲದ ಹೊಡೆತಗಾರರೆಲ್ಲರ ಮೇಲೂ ಬಿದ್ದ ಸಾಮೂಹಿಕ ಅನುಮಾನದ ನೆರಳು ಮಾತ್ರ ಅವರ ಮೇಲೂ ಬಿತ್ತು.

500 ಹೋಮ್‌ರನ್ ಏಕೆ ತಲುಪಲಿಲ್ಲ?

ಸೊಂಟದ ಕೀಲು. 2009ರ ಮೇ 10ರಂದು ಆಡಿದ ಪಂದ್ಯವೇ ಕೊನೆಯದಾಯಿತು. ಅದುವರೆಗಿನ 26 ಪಂದ್ಯಗಳಲ್ಲಿ ಅವರ ಸರಾಸರಿ .298 ಇತ್ತು ಎಂಬುದನ್ನು ನೋಡಿದರೆ ಬ್ಯಾಟು ಮಂಕಾಗಿರಲಿಲ್ಲ. ಶಸ್ತ್ರಚಿಕಿತ್ಸೆ ನಡೆಯಿತು, ಬಳಿಕ ಇನ್ನೊಂದು ಶಸ್ತ್ರಚಿಕಿತ್ಸೆ. 2010ರ ಬೇಸಿಗೆಯಲ್ಲಿ ರೆಡ್ ಸಾಕ್ಸ್‌ನ ಕೆಳದರ್ಜೆಯ ತಂಡದಲ್ಲಿ ಕೆಲವು ಪಂದ್ಯ ಆಡಿ ನೋಡಿದರು, ಕೀಲು ಸಹಕರಿಸಲಿಲ್ಲ. 2011ರ ಏಪ್ರಿಲ್ 13ರಂದು ಸಾನ್ ಹುವಾನ್‌ನಲ್ಲಿ ನಿವೃತ್ತಿ ಘೋಷಿಸಿದರು. ಕಡಿಮೆ ಬಿದ್ದದ್ದು 27.

2015ರಲ್ಲಿ ಹಾಲ್ ಆಫ್ ಫೇಮ್ ಮತದಾನದಲ್ಲಿ ಏನಾಯಿತು?

ಆಟದ ಶ್ರೇಷ್ಠರಿಗೆ ಮೀಸಲಾದ ಈ ಗೌರವಕ್ಕೆ ಬೇಸ್‌ಬಾಲ್ ಬರಹಗಾರರು ಹಾಕಿದ 549 ಮತಪತ್ರಗಳಲ್ಲಿ ಅವರ ಹೆಸರು ಇದ್ದದ್ದು 21ರಲ್ಲಿ. ಅಂದರೆ ಶೇ 3.8. ಆಯ್ಕೆಗೆ ಶೇ 75 ಬೇಕು, ಮುಂದಿನ ವರ್ಷದ ಪಟ್ಟಿಯಲ್ಲಿ ಉಳಿಯಲು ಶೇ 5 ಬೇಕು. ಹೀಗೆ ಚರ್ಚೆಯೇ ನಡೆಯದೆ ಮೊದಲ ವರ್ಷವೇ ಪಟ್ಟಿಯಿಂದ ಹೊರಬಿದ್ದರು.

ಒಬ್ಬ ಬರಹಗಾರ ಹತ್ತಕ್ಕಿಂತ ಹೆಚ್ಚು ಹೆಸರಿಗೆ ಮತ ಹಾಕುವಂತಿಲ್ಲ. ಆ ವರ್ಷದ ಪಟ್ಟಿಯಿಂದ ರ‍್ಯಾಂಡಿ ಜಾನ್ಸನ್, ಪೆಡ್ರೊ ಮಾರ್ಟಿನೆಜ್, ಜಾನ್ ಸ್ಮೋಲ್ಟ್ಜ್, ಕ್ರೇಗ್ ಬಿಜಿಯೊ ಆಯ್ಕೆಯಾದರು. ಅವರ ಜೊತೆಗೆ ಪಿಯಾಜಾ, ಬ್ಯಾಗ್ವೆಲ್, ರೇನ್ಸ್, ಟ್ರ್ಯಾಮೆಲ್, ಮುಸ್ಸಿನಾ, ಎಡ್ಗರ್ ಮಾರ್ಟಿನೆಜ್, ಲೀ ಸ್ಮಿತ್, ಲ್ಯಾರಿ ವಾಕರ್, ಮೆಗ್ರಿಫ್, ಕೆಂಟ್ ಇದ್ದರು. ಇವರೆಲ್ಲರೂ ಬೇರೆ ಬೇರೆ ವರ್ಷಗಳಲ್ಲಿ ಒಳಗೆ ಹೋದರು. ಇನ್ನು ಬಾಂಡ್ಸ್, ಕ್ಲೆಮೆನ್ಸ್, ಶೆಫೀಲ್ಡ್, ಸ್ಯಾಮಿ ಸೋಸಾ, ಮ್ಯಾಕ್‌ಗ್ವಾಯರ್ ಹೆಸರುಗಳೂ ಅದೇ ಹಾಳೆಯಲ್ಲಿ! ಹತ್ತೇ ಗೆರೆಯ ಮತಪತ್ರದಲ್ಲಿ ಡೆಲ್ಗಾಡೊಗೆ ಜಾಗ ಹುಡುಕಲು ಅವರ ಪರ ಇದ್ದ ಬರಹಗಾರನಿಗೂ ಕಷ್ಟವಿತ್ತು. ಅದನ್ನು ಅವರ ಆಟದ ಮೌಲ್ಯಮಾಪನ ಎಂದು ಕರೆಯಲಾಗದು.

ಅವರ ವಿರುದ್ಧದ ವಾದದಲ್ಲಿ ಹುರುಳೇ ಇಲ್ಲವೇ?

ಇದೆ. ಫೀಲ್ಡಿಂಗ್‌ನಲ್ಲಿ ಅವರು ಸಾಧಾರಣಕ್ಕಿಂತ ಕೆಳಗೆ, ಓಟ ನಿಧಾನ. ಬ್ಯಾಟಿಂಗ್, ಫೀಲ್ಡಿಂಗ್, ಓಟ ಎಲ್ಲವನ್ನೂ ಸೇರಿಸಿ ಒಬ್ಬ ಆಟಗಾರ ತಂಡಕ್ಕೆ ಎಷ್ಟು ಗೆಲುವು ತಂದ ಎಂದು ಅಂದಾಜಿಸುವ ‘ವಾರ್’ ಅಳತೆಯಲ್ಲಿ ಅವರಿಗೆ ಬರುವುದು ಸುಮಾರು 44. ಹಾಲ್ ಆಫ್ ಫೇಮ್‌ನಲ್ಲಿರುವ ಫಸ್ಟ್ ಬೇಸ್ ಆಟಗಾರರ ಸರಾಸರಿಗಿಂತ ಇದು ಸಾಕಷ್ಟು ಕಡಿಮೆ. 1,745 ಸ್ಟ್ರೈಕ್‌ಔಟ್‌ಗಳೂ (ಮೂರು ಸ್ಟ್ರೈಕ್‌ಗಳಿಗೆ ಔಟಾದ ಸರದಿಗಳು) ಇವೆ. ಬಲಬದಿಗೆ ಎಳೆದು ಹೊಡೆಯುವ ಅವರ ಚಾಳಿಯನ್ನು ತಿಳಿದ ತಂಡಗಳು ಫೀಲ್ಡರ್‌ಗಳನ್ನೆಲ್ಲ ಆ ಬದಿಗೇ ಸರಿಸಿ ನಿಲ್ಲಿಸುತ್ತಿದ್ದವು. ಎಷ್ಟೋ ಹಿಟ್‌ಗಳು ಹಾಗೆ ಕೈತಪ್ಪಿದವು.

ಇಷ್ಟನ್ನೂ ಒಪ್ಪಿದ ಮೇಲೆ ಫ್ರೆಡ್ ಮೆಗ್ರಿಫ್ ಅವರನ್ನು ಪಕ್ಕದಲ್ಲಿಟ್ಟು ನೋಡಬೇಕು. ಅವರೂ ಟೊರೊಂಟೊ ತಂಡದಲ್ಲೇ ಬೆಳೆದ ಎಡಗೈ ಫಸ್ಟ್ ಬೇಸ್ ಆಟಗಾರ. 493 ಹೋಮ್‌ರನ್, .377 ಬೇಸ್ ತಲುಪಿದ ಪ್ರಮಾಣ, .509 ಸ್ಲಗ್ಗಿಂಗ್. ಕಾಲಕ್ಕೆ ಹೊಂದಿಸಿದ ಅಳತೆಯಲ್ಲಿ ಅವರಿಗೆ 134, ಡೆಲ್ಗಾಡೊಗೆ 138. ಮೆಗ್ರಿಫ್ ಹೆಚ್ಚು ವರ್ಷ ಆಡಿದರು, ವರ್ಲ್ಡ್ ಸೀರೀಸ್ ಗೆದ್ದರು. 2022ರ ಡಿಸೆಂಬರ್‌ನಲ್ಲಿ ಹಾಲ್ ಆಫ್ ಫೇಮ್‌ನ ಮರುಪರಿಶೀಲನಾ ಸಮಿತಿಯ 16 ಮತಗಳೂ ಅವರಿಗೆ ಬಿದ್ದವು. ಅವರ ಆಯ್ಕೆ ನನಗೆ ಸಂತೋಷ ತಂದಿತು. ಅವರಿಗೆ ಸರ್ವಾನುಮತ, ಇವರಿಗೆ ಶೇ 3.8 ಎನ್ನುವಷ್ಟು ಅಂತರ ಮಾತ್ರ ಇಬ್ಬರ ಆಟದ ನಡುವೆ ಇರಲಿಲ್ಲ.

ಮುಂದೆ ಅವಕಾಶವಿದೆಯೇ?

ಇದೆ. ಬರಹಗಾರರ ಪಟ್ಟಿಯಿಂದ ಬಿದ್ದವರನ್ನು ಮರುಪರಿಶೀಲಿಸುವ ಸಮಿತಿಯ ಮುಂದೆ 2025ರ ಡಿಸೆಂಬರ್‌ನಲ್ಲಿ ಅವರ ಹೆಸರು ಬಂತು. ಆಯ್ಕೆಗೆ 16ರಲ್ಲಿ 12 ಮತ ಬೇಕಿತ್ತು. ಜೆಫ್ ಕೆಂಟ್ 14 ಪಡೆದು ಒಳಗೆ ಹೋದರು, 9 ಪಡೆದ ಡೆಲ್ಗಾಡೊ ಎರಡನೆಯವರು. ಡಾನ್ ಮ್ಯಾಟಿಂಗ್ಲಿ, ಡೇಲ್ ಮರ್ಫಿ ಅವರಂಥ ಜನಪ್ರಿಯರಿಗೂ ಅವರಷ್ಟು ಮತ ಬರಲಿಲ್ಲ; ಬಾಂಡ್ಸ್, ಕ್ಲೆಮೆನ್ಸ್ ಐದನ್ನೂ ಮುಟ್ಟಲಿಲ್ಲ. ಹತ್ತು ವರ್ಷಗಳ ಹಿಂದೆ ನೂರಕ್ಕೆ ನಾಲ್ಕು ಜನರೂ ಒಪ್ಪದ ಹೆಸರಿಗೆ, ಹದಿನಾರು ಜನ ಒಂದು ಕೋಣೆಯಲ್ಲಿ ಕುಳಿತು ನಿಜವಾಗಿ ಚರ್ಚಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಕೈಯೆತ್ತಿದರು. ಅದೇ ಕಾಲಘಟ್ಟದ ಆಟಗಾರರನ್ನು ಸಮಿತಿ ಮತ್ತೆ ಪರಿಗಣಿಸುವುದು 2028ರ ಡಿಸೆಂಬರ್‌ನಲ್ಲಿ. ಆಗ ಅವರಿಗೆ ಬೇಕಿರುವುದು ಇನ್ನು ಮೂರು ಮತ.